ಮೇಲ್ ಅಕೌಂಟನ್ನೇ ಫೈಲ್ ಇಡೋ ಜಾಗ ಮಾಡ್ಕೊಂಡ್ರೆ ತೊಂದ್ರೆ ಏನಾದ್ರೂ ಇದ್ಯಾ?

ಖಾಲಿ_ಇನ್‌ಬಾಕ್ಸ್:

ನಮಸ್ಕಾರ ಎಲ್ರಿಗೂ. ನಂದೊಂದು ಎರಡನೇ ಜಿಮೇಲ್ ಅಕೌಂಟ್ ಇದೆ, ಯಾರಿಗೂ ಅಡ್ರೆಸ್ ಕೊಟ್ಟಿಲ್ಲ, ಹಂಗಾಗಿ ಒಂದು ಮೇಲೂ ಬರಲ್ಲ, 15 ಜಿಬಿ ಸುಮ್ನೆ ಬಿದ್ದಿದೆ. ನಾನು ಏನ್ ಮಾಡ್ತಿದೀನಿ ಅಂದ್ರೆ ಮೇನ್ ಅಕೌಂಟಿಂದ ಆ ಅಕೌಂಟಿಗೆ ಫೈಲ್ ಅಟ್ಯಾಚ್ ಮಾಡಿ ಕಳಿಸಿಬಿಡ್ತೀನಿ, ಸರ್ಟಿಫಿಕೇಟ್ ಸ್ಕ್ಯಾನು, ರೆಸ್ಯೂಮೆ, ಒಂದಷ್ಟು ಎಕ್ಸೆಲ್ ಶೀಟು, ಹಳೇ ಫೋಟೋ, ನಾನೇ ಬರ್ಕೊಂಡಿರೋ ಸಣ್ಣಪುಟ್ಟ ಸ್ಕ್ರಿಪ್ಟು, ಸಬ್ಜೆಕ್ಟಲ್ಲಿ ಏನು ಅಂತ ಬರೆದಿರ್ತೀನಿ, ಬೇಕಾದಾಗ ಯಾವ ಕಂಪ್ಯೂಟರಲ್ಲಿ ಕೂತಿದ್ರೂ ಸರ್ಚ್ ಮಾಡಿದ್ರೆ ಸಿಗುತ್ತೆ. ಪೆನ್ ಡ್ರೈವ್‌ಗಿಂತ ವಾಸಿ ಅನ್ಸಿದೆ ನಂಗೆ, ಎಲ್ಲೋ ಬಿಟ್ಟುಬರೋ ಭಯ ಇಲ್ಲ.

ಈಗ ಲ್ಯಾಪ್‌ಟಾಪಲ್ಲಿರೋ ಮುಖ್ಯವಾದ ಫೈಲೆಲ್ಲಾ ಸೇರಿಸಿ ಸುಮಾರು 12 ಜಿಬಿ ಆಗುತ್ತೆ, ಅಷ್ಟನ್ನೂ ಅಲ್ಲಿಗೇ ಏರಿಸೋಣ ಅಂತ ಪ್ಲಾನ್. ಕೇಳಬೇಕಾಗಿರೋದು ಏನಂದ್ರೆ, ಈ ಮೇಲ್ ಜಾಗ ಕಂಪ್ಯೂಟರಲ್ಲಿ ಇನ್ನೊಂದು ಡ್ರೈವ್ ಥರ ಕಾಣೋ ಹಂಗೆ ಮಾಡೋ ಸಾಫ್ಟ್‌ವೇರ್ ಇದ್ಯಾ, ಎಳೆದು ಹಾಕಿದ್ರೆ ಹೋಗಿಬಿಡಬೇಕು ಅಷ್ಟೇ. ಇನ್ನೊಂದು, ಮೇಲಲ್ಲಿ ಹೋದ್ರೆ ಫೋಟೋ ಕ್ವಾಲಿಟಿ ಇಳಿಯುತ್ತಾ? ಗೊತ್ತಿರೋರು ಸ್ವಲ್ಪ ಹೇಳಿ.

ನೇರಮಾತು:

ಗುರೂ ಅದೇ ಅಕೌಂಟಲ್ಲಿ ಗೂಗಲ್ ಡ್ರೈವ್ ಇದ್ಯಲ್ಲಾ, ಅದೇ ಲಾಗಿನ್ನು ಅದೇ ಪಾಸ್‌ವರ್ಡು. 15 ಜಿಬಿ ಅನ್ನೋದು ಬರೀ ಮೇಲಿಗೆ ಅಲ್ಲ, 2013ರಿಂದ ಮೇಲು, ಡ್ರೈವು, ಫೋಟೋಸು ಮೂರಕ್ಕೂ ಸೇರಿ ಒಂದೇ ಲೆಕ್ಕ. ಮೇಲಲ್ಲಿಟ್ರೂ ಅಷ್ಟೇ ಜಾಗ, ಡ್ರೈವಲ್ಲಿಟ್ರೂ ಅಷ್ಟೇ ಜಾಗ. ಮತ್ಯಾಕೆ ಈ ಸರ್ಕಸ್ಸು?

ಖಾಲಿ_ಇನ್‌ಬಾಕ್ಸ್:

ಡ್ರೈವ್ ಗೊತ್ತು ಬ್ರೋ. ನಾನು ಕೆಲಸ ಮಾಡೋ ಕಡೆ ನೆಟ್‌ವರ್ಕಲ್ಲಿ ಡ್ರೈವ್, ಡ್ರಾಪ್‌ಬಾಕ್ಸ್ ಎಲ್ಲಾ ಬ್ಲಾಕು, ಮೇಲ್ ಒಂದು ಓಪನ್ ಆಗುತ್ತೆ, ಅದಕ್ಕೇ ಈ ದಾರಿ. ಮತ್ತೆ ಸತ್ಯ ಹೇಳ್ಬೇಕು ಅಂದ್ರೆ ನಂಗೆ ಮೇಲಲ್ಲಿ ಹುಡುಕೋದೇ ಸಲೀಸು, ಡ್ರೈವಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಮಾಡ್ಕೊಂಡು ಎಲ್ಲಿಟ್ಟೆ ಅಂತಾನೇ ನೆನಪಿರಲ್ಲ.

ಸರ್ವರ್_ಸಂಗಪ್ಪ:

ಫೋಟೋ ಪ್ರಶ್ನೆಗೆ ಮೊದ್ಲು ಉತ್ತರ: ಇಲ್ಲ, ಇಳಿಯಲ್ಲ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಕುಗ್ಗಿಸಿ ಕಳಿಸುತ್ತೆ, ಮೇಲಲ್ಲಿ ಅಟ್ಯಾಚ್ ಮಾಡಿದ ಫೈಲು ಒಂದು ಬೈಟ್ ಕೂಡ ಬದಲಾಗದೆ ಆ ಕಡೆ ಬರುತ್ತೆ (ಫೋನ್ ಮೇಲ್ ಆಪು ಕೆಲವು ಸಣ್ಣ ಸೈಜ್ ಮಾಡ್ಲಾ ಅಂತ ಕೇಳ್ತವೆ, ಆಗ ಬೇಡ ಅನ್ನಿ). ಆದ್ರೆ ತೊಂದ್ರೆ ಇರೋದು ಉಲ್ಟಾ ಕಡೆ, ಫೈಲ್ ಕುಗ್ಗಲ್ಲ, ಉಬ್ಬುತ್ತೆ. ಯಾಕೆ ಅಂದ್ರೆ ಮೇಲ್ ಅನ್ನೋದು ಹುಟ್ಟಿದ್ದೇ ಬರೀ ಅಕ್ಷರ ಸಾಗಿಸೋದಕ್ಕೆ, 1982ರ ಎಸ್‌ಎಮ್‌ಟಿಪಿ (ಮೇಲ್ ಸಾಗಿಸೋ ಪದ್ಧತಿ) ನಿಯಮದ ಪ್ರಕಾರ 7 ಬಿಟ್ಟಿನ ಇಂಗ್ಲಿಷ್ ಅಕ್ಷರ ಅಷ್ಟೇ ಹೋಗ್ತಿದ್ದದ್ದು, ಫೋಟೋನೋ ಜಿಪ್ಪೋ ಕಳಿಸ್ಬೇಕು ಅಂದ್ರೆ ಅದನ್ನ ಅಕ್ಷರದ ವೇಷ ಹಾಕಿಸಿ ಕಳಿಸ್ಬೇಕು, ಆ ವೇಷದ ಹೆಸರೇ ಬೇಸ್64. ಪ್ರತಿ 3 ಬೈಟು 4 ಅಕ್ಷರ ಆಗುತ್ತೆ, ಮೇಲೆ ಪ್ರತಿ 76 ಅಕ್ಷರಕ್ಕೊಂದು ಸಾಲು ಮುರೀಬೇಕು, ಎಲ್ಲಾ ಸೇರಿ ಸುಮಾರು 37 ಪರ್ಸೆಂಟ್ ಜಾಸ್ತಿ.

ಈಗ ನಿಮ್ಮ 12 ಜಿಬಿಗೆ ಲೆಕ್ಕ ಹಾಕಿ, 16 ಜಿಬಿ ದಾಟುತ್ತೆ. ಐಮ್ಯಾಪ್ (ಮೇಲನ್ನ ಸರ್ವರಲ್ಲೇ ಇಟ್ಕೊಂಡು ನೋಡೋ ಪದ್ಧತಿ) ಕೋಟಾ ನಿಯಮದಲ್ಲಿ ಮೇಲ್ ಸೈಜು ಅಂದ್ರೆ ಈ ಉಬ್ಬಿದ ಸೈಜೇ. ಹಂಗಾಗಿ 15 ಜಿಬಿ ಮೇಲ್ ಬಾಕ್ಸಲ್ಲಿ ನಿಜವಾಗಿ ಹಿಡಿಯೋದು 11 ಜಿಬಿ ಆಸುಪಾಸು ಅಂತಲೇ ಇಟ್ಕೊಳ್ಳಿ. ಡ್ರೈವಲ್ಲಿ ಈ ದಂಡ ಇಲ್ಲ, ನೇರಮಾತು ಅವ್ರು ಎರಡೂ ಒಂದೇ ಅಂದ್ರಲ್ಲ, ಪೂರ್ತಿ ಒಂದೇ ಅಲ್ಲ.

ಒಂದು ಮೇಲಿಗೆ ಎಷ್ಟು ಅನ್ನೋದೂ ಇದೆ. ಜಿಮೇಲಲ್ಲಿ 25 ಎಂಬಿ ಮೀರಿದ್ರೆ ತಾನಾಗೇ ಡ್ರೈವಿಗೆ ಹಾಕಿ ಲಿಂಕ್ ಅಂಟಿಸುತ್ತೆ, ಅಂದ್ರೆ ನಿಮ್ಮ ಆಫೀಸಲ್ಲಿ ಆ ಫೈಲ್ ಮತ್ತೆ ಬ್ಲಾಕೇ, ಮೇಲ್ ಓಪನ್ ಆಗಿ ಫೈಲ್ ಓಪನ್ ಆಗಲ್ಲ. ಬೇರೆ ಕೆಲವು ಸರ್ವರ್‌ಗಳಲ್ಲಿ 25 ಅಂತ ಬರೆದಿದ್ರೂ ಉಬ್ಬಿದ ಮೇಲಿನ ಲೆಕ್ಕ ಹಿಡಿಯೋದ್ರಿಂದ 18 ಎಂಬಿ ದಾಟಿದ ಫೈಲಿಗೇ ಆಗಲ್ಲ ಅಂತ ತಲೆ ಅಲ್ಲಾಡಿಸ್ತವೆ. ವಿಡಿಯೋ ಗಿಡಿಯೋ ಇದ್ರೆ ಮರ್ತುಬಿಡಿ.

ಹಳೇ_ಮೋಡೆಮ್:

ಡ್ರೈವ್ ಥರ ಕಾಣೋ ಸಾಫ್ಟ್‌ವೇರ್ ಕೇಳಿದ್ರಲ್ಲ, ಇತ್ತು ಸಾರ್, ಒಂದು ಕಾಲದಲ್ಲಿ ಇದೇ ದೊಡ್ಡ ಹುಚ್ಚಾಗಿತ್ತು. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂದಾಗ ಹಾಟ್‌ಮೇಲಲ್ಲಿ ಸಿಗ್ತಿದ್ದದ್ದು 2 ಎಂಬಿ, ಯಾಹೂದಲ್ಲಿ 4 ಎಂಬಿ, ಇವ್ರು ಬಂದು ಒಂದು ಜಿಬಿ ಕೊಡ್ತೀವಿ ಅಂದಾಗ ಏಪ್ರಿಲ್ ಫೂಲ್ ಇರ್ಬೇಕು ಅಂತಾನೇ ತುಂಬಾ ಜನ ಅಂದ್ಕೊಂಡಿದ್ರು. ನಿಜ ಅಂತ ಗೊತ್ತಾದ ಮೇಲೆ ಕಂಪ್ಯೂಟರ್ ಹುಡುಗ್ರಿಗೆ ಬಂದ ಮೊದಲನೇ ಯೋಚ್ನೇನೇ ಇದು, ಇಷ್ಟು ಜಾಗಕ್ಕೆ ಯಾರು ಮೇಲ್ ತುಂಬಿಸ್ತಾರೆ, ಫೈಲ್ ತುಂಬಿಸೋಣ ಅಂತ. ಅದೇ ವರ್ಷ ರಿಚರ್ಡ್ ಜೋನ್ಸ್ ಅನ್ನೋರು ಜಿಮೇಲ್ ಎಫ್‌ಎಸ್ ಅಂತ ಬರೆದ್ರು, ಪೈಥಾನಲ್ಲಿ, ಲಿನಕ್ಸಿಗೆ. ಅದು ಫೈಲನ್ನ ತುಂಡು ತುಂಡು ಮಾಡಿ ಒಂದೊಂದು ತುಂಡನ್ನೂ ಒಂದೊಂದು ಮೇಲಿಗೆ ಅಟ್ಯಾಚ್ ಮಾಡ್ತಿತ್ತು, ಫೈಲ್ ಹೆಸರೇನು, ಯಾವ ಫೋಲ್ಡರು, ಯಾವ ತುಂಡು ಯಾವುದರ ಪಕ್ಕ ಅನ್ನೋ ವಿವರ ಎಲ್ಲಾ ಸಬ್ಜೆಕ್ಟ್ ಲೈನಲ್ಲಿ. ಮೇಲ್ ಬಾಕ್ಸ್ ತೆಗೆದು ನೋಡಿದ್ರೆ ಮನುಷ್ಯರಿಗೆ ಅರ್ಥ ಆಗೋ ಒಂದು ಸಾಲೂ ಇರ್ತಿರಲಿಲ್ಲ. ವಿಂಡೋಸಿಗೆ ಜಿಮೇಲ್ ಡ್ರೈವ್ ಅಂತ ಬಂತು, ಮೈ ಕಂಪ್ಯೂಟರ್ ಒಳಗೆ ಡ್ರೈವಾಗೇ ಕಾಣ್ತಿತ್ತು, ಫೈರ್‌ಫಾಕ್ಸಿಗೆ ಜಿಸ್ಪೇಸ್ ಅಂತ ಒಂದು ಆಡಾನ್.

ಈ ಯಾವುದಕ್ಕೂ ಗೂಗಲ್ ಕಡೆಯಿಂದ ಒಪ್ಪಿಗೆ ಇರಲಿಲ್ಲ, ಎಲ್ಲಾ ವೆಬ್ ಪೇಜನ್ನ ಬ್ರೌಸರ್ ಥರ ನಟಿಸಿ ಓದ್ತಿದ್ವು, ಅವ್ರು ಲಾಗಿನ್ ಪೇಜ್ ಸ್ವಲ್ಪ ಅಲ್ಲಾಡಿಸಿದ್ರೆ ಇವು ಢಮಾರ್. ಒಂದೇ ಸಮ ಅಪ್‌ಲೋಡ್ ಹೊಡೆದ್ರೆ ಅಸಹಜ ಬಳಕೆ ಅಂತ ಅಕೌಂಟನ್ನೇ ಸ್ವಲ್ಪ ಹೊತ್ತು ಲಾಕ್ ಮಾಡಿಬಿಡ್ತಿದ್ರು. 2012ರ ಏಪ್ರಿಲಲ್ಲಿ ಗೂಗಲ್ ಡ್ರೈವ್ 5 ಜಿಬಿ ಜೊತೆ ಬಂದ ಮೇಲೆ ಈ ಆಟ ಆಡೋರೇ ಇಲ್ಲದಂಗಾಯ್ತು. ಈಗ ಅವನ್ನ ಹುಡ್ಕೊಂಡು ಹೋಗಿ ಡೌನ್‌ಲೋಡ್ ಮಾಡೋಕೆ ಹೋಗ್ಬೇಡಿ ದಯವಿಟ್ಟು, ಯಾವುದೋ ಸೈಟಲ್ಲಿ ಸಿಕ್ಕಿದ ಹಳೇ ಫೈಲಿಗೆ ನಿಮ್ಮ ಮೇಲ್ ಪಾಸ್‌ವರ್ಡ್ ಕೊಡೋದು ಅಂದ್ರೆ ಮನೆ ಕೀ ಬೀದಿಲಿ ಹೋಗೋರ ಕೈಗೆ ಕೊಟ್ಟಂಗೆ.

(ಅಂದಹಾಗೆ ಸಂಗಪ್ಪನವ್ರೇ, ನೀವು ಹೇಳಿದ ಆ ವೇಷ ಹಾಕ್ಕೊಂಡು ಹೋದ ಮೊದಲನೇ ಮೈಮ್ (ಮೇಲಲ್ಲಿ ಫೈಲ್ ಸೇರಿಸಿ ಕಳಿಸೋ ಪದ್ಧತಿ) ಅಟ್ಯಾಚ್‌ಮೆಂಟು 1992ರ ಮಾರ್ಚ್ 11ರಂದು, ನಥಾನಿಯಲ್ ಬೊರೆನ್‌ಸ್ಟೈನ್ ಕಳಿಸಿದ್ದು, ಅದರಲ್ಲಿದ್ದದ್ದು ಅವ್ರು ಹಾಡ್ತಿದ್ದ ನಾಲ್ಕು ಜನರ ತಂಡದ ಫೋಟೋ. ಕೆಲಸದ ಫೈಲಲ್ಲ, ಹವ್ಯಾಸದ ಫೋಟೋ, ನಂಗದು ಇಷ್ಟ.)

ಸರ್ವರ್_ಸಂಗಪ್ಪ:

ಹಳೇ ಮೋಡೆಮ್ ಸಾರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಈಗ ಅಂಥ ಸಾಫ್ಟ್‌ವೇರ್ ಬೇಕಾಗೂ ಇಲ್ಲ. ಥಂಡರ್‌ಬರ್ಡ್ ಥರದ ಮೇಲ್ ಪ್ರೋಗ್ರಾಮ್ ಹಾಕ್ಕೊಂಡು ಐಮ್ಯಾಪಲ್ಲಿ ಆ ಅಕೌಂಟ್ ಜೋಡಿಸಿ, ಹೊಸ ಮೇಲ್ ತೆಗೆದು, ಫೈಲನ್ನ ಎಳೆದು ಹಾಕಿ, ಸಬ್ಜೆಕ್ಟ್ ಬರೆದು, ಸೆಂಡ್ ಒತ್ತದೆ ಸೇವ್ ಮಾಡಿ. ಡ್ರಾಫ್ಟ್ಸಿಗೆ ಹೋಗುತ್ತೆ, ಅಲ್ಲಿಂದ ಬೇಕಾದ ಫೋಲ್ಡರಿಗೆ ಸರಿಸಿ. ಐಮ್ಯಾಪಲ್ಲಿ ಮೇಲನ್ನ ಯಾರಿಗೂ ಕಳಿಸದೆ ನೇರ ಫೋಲ್ಡರಿಗೆ ತಂದಿಡೋ ಕಮ್ಯಾಂಡ್ ಇದೆ, ಥಂಡರ್‌ಬರ್ಡ್ ಮಾಡೋದು ಅದನ್ನೇ. ಲಾಭ ಏನಪ್ಪಾ ಅಂದ್ರೆ ಎರಡೆರಡು ಕಾಪಿ ಆಗಲ್ಲ. ನೀವು ಮೇನ್ ಅಕೌಂಟಿಂದ ಕಳಿಸ್ತಿದೀರಲ್ಲ, ಆ ಫೈಲು ಮೇನ್ ಅಕೌಂಟಿನ ಸೆಂಟ್ ಫೋಲ್ಡರಲ್ಲೂ ಕೂತಿದೆ, ನೋಡ್ಕೊಂಡಿದೀರಾ? 12 ಜಿಬಿ ಅಲ್ಲಿಂದ ಕಳಿಸಿದ್ರೆ ಎರಡೂ ಅಕೌಂಟ್ ತುಂಬ್ಕೊಳುತ್ತೆ. ಮೇನ್ ಅಕೌಂಟ್ ತುಂಬಿದ್ರೆ ಕಥೆ ಬೇರೆ, ಬರೋ ಮೇಲೇ ನಿಂತೋಗುತ್ತೆ, ಕಳಿಸಿದವ್ರಿಗೆ ವಾಪಸ್ ಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ.

ಇನ್ನೊಂದು ಮುಖ್ಯ ವಿಷ್ಯ. ಸರ್ವರಲ್ಲಿ ಕೂತ ಮೇಲನ್ನ ತಿದ್ದೋಕಾಗಲ್ಲ. ಐಮ್ಯಾಪಲ್ಲಿ ಮೇಲ್ ಅಂದ್ರೆ ಒಂದ್ಸಲ ಇಟ್ಟ ಮೇಲೆ ಇಟ್ಟಂಗೇ, ಓದಿದ್ದು ಓದಿಲ್ಲ ಅಂತ ಗುರುತು ಬದಲಾಯಿಸ್ಬೋದು, ಒಳಗಿನದನ್ನ ಮುಟ್ಟೋಕಾಗಲ್ಲ. ನಿಮ್ಮ ಎಕ್ಸೆಲ್ ಶೀಟಲ್ಲಿ ಒಂದು ಸಾಲು ಸೇರಿಸಿದ್ರೆ ಪೂರ್ತಿ ಫೈಲು ಹೊಸ ಮೇಲಾಗಿ ಮತ್ತೆ ಹೋಗ್ಬೇಕು, ಹಳೇದು ಅಲ್ಲೇ ಇರುತ್ತೆ, ವರ್ಷ ಕಳೆದ್ರೆ ಒಂದೇ ಶೀಟಿನ ಸಂತಾನ ಸಾಲಾಗಿ ನಿಂತಿರುತ್ತೆ, ಫೈನಲ್, ಫೈನಲ್ 2, ನಿಜವಾದ ಫೈನಲ್ ಅಂತ. ಯಾವುದು ಮುಗಿದ ಫೈಲೋ, ಮತ್ತೆ ಕೈ ಹಾಕಲ್ವೋ, ಅದಕ್ಕೆ ಮೇಲ್ ಸರಿ. ದಿನಾ ತಿದ್ದೋ ಫೈಲಿಗೆ ಮೇಲ್ ಬೇಡವೇ ಬೇಡ.

ಹುಡುಕಾಟ:

ಎಲ್ರೂ ಹೆದರಿಸ್ತಿದೀರಾ ಪಾಪ 😀 ನಾನು ಮೇಲಲ್ಲೇ ಇಡೋದು, ಚೆನ್ನಾಗೇ ನಡೀತಿದೆ. ಡ್ರೈವಲ್ಲಿ ಸಾಮಾನ್ಯವಾಗಿ ಫೈಲ್ ಹೆಸರಷ್ಟೇ ಕೊಟ್ಟು ಬಿಟ್ಟಿರ್ತೀವಿ, ಮೇಲಲ್ಲಿ ಯಾವಾಗ ಇಟ್ಟೆ, ಯಾಕೆ ಇಟ್ಟೆ, ಯಾರು ಕೊಟ್ಟಿದ್ದು ಅಂತ ಎರಡು ಸಾಲು ಜೊತೇಲೇ ಬರೆದಿಡ್ಬೋದಲ್ಲ, ಆಮೇಲೆ ಹುಡುಕುವಾಗ ಫೈಲ್ ಹೆಸರು ನೆನಪಿರಲ್ಲ, ಆ ಎರಡು ಸಾಲಲ್ಲಿದ್ದ ಯಾವುದೋ ಒಂದು ಪದ ನೆನಪಿರುತ್ತೆ, ಅದರಿಂದ ಸಿಗುತ್ತೆ. ಸ್ಕ್ಯಾನ್ 0047 ಅನ್ನೋ ಹೆಸರಿನ ಪಿಡಿಎಫ್ ನೂರಿದ್ರೂ ಪರವಾಗಿಲ್ಲ. ಕನ್ನಡದಲ್ಲೂ ಬರೀತೀನಿ ಇಂಗ್ಲಿಷಲ್ಲೂ ಬರೀತೀನಿ, ಯಾವುದರಲ್ಲಿ ಹುಡುಕ್ತೀನೋ ಆಮೇಲೆ ಯಾರಿಗ್ ಗೊತ್ತು.

ಒಂದು ಟ್ರಿಕ್ ಹೇಳ್ತೀನಿ. ಜಿಮೇಲಲ್ಲಿ ನಿಮ್ಮ ಅಡ್ರೆಸ್ಸಿನ ಹೆಸರಾದ ಮೇಲೆ, ಆ ಅಟ್ ಗುರುತಿಗೆ ಮೊದ್ಲು, ಪ್ಲಸ್ ಚಿಹ್ನೆ ಹಾಕಿ ಏನು ಬೇಕಾದ್ರೂ ಬರೀಬೋದು, ಫೈಲ್ಸ್ ಅಂತಾನೋ ಸ್ಕ್ಯಾನ್ ಅಂತಾನೋ, ಮೇಲ್ ನಿಮಗೇ ಬರುತ್ತೆ. ಆ ಪ್ಲಸ್ ಇರೋ ಅಡ್ರೆಸ್ಸಿಗೆ ಬಂದದ್ದೆಲ್ಲಾ ಇನ್‌ಬಾಕ್ಸ್ ಬಿಟ್ಟು ಸೀದಾ ಇಂಥ ಲೇಬಲ್ಲಿಗೆ ಹೋಗ್ಲಿ ಅಂತ ಒಂದ್ಸಲ ಫಿಲ್ಟರ್ ಮಾಡಿಟ್ರೆ ಫೋಲ್ಡರ್ ಥರಾನೇ ಆಯ್ತು. ಜಿಮೇಲಲ್ಲಿ ನಿಮಗೆ ನೀವೇ ಕಳಿಸ್ಕೊಂಡ್ರೆ ಸೆಂಟಲ್ಲೂ ಲೇಬಲಲ್ಲೂ ಕಾಣೋದು ಒಂದೇ ಮೇಲು, ಎರಡಲ್ಲ. ಬೇರೆ ಮೇಲ್ ಸರ್ವಿಸಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಕಾಪಿ ಆಗುತ್ತೆ, ಅಲ್ಲಿ ಸಂಗಪ್ಪನವ್ರ ಡ್ರಾಫ್ಟ್ ದಾರೀನೇ ವಾಸಿ. ಸರ್ಚ್ ಬಾಕ್ಸಿನ ಬಲಗಡೆ ಇರೋ ಗುರುತು ಒತ್ತಿದ್ರೆ ಅಟ್ಯಾಚ್‌ಮೆಂಟ್ ಇರೋದು ಮಾತ್ರ, ಇಷ್ಟು ಎಂಬಿಗಿಂತ ದೊಡ್ಡದು ಮಾತ್ರ, ಇಂಥ ತಾರೀಖಿನ ಆಸುಪಾಸಿನದು ಮಾತ್ರ ಅಂತ ಆರಿಸ್ಬೋದು, ಜಾಗ ತಿಂತಿರೋ ಕಳ್ಳನ್ನ ಹಿಡಿಯೋಕೆ ಇಷ್ಟು ಸಾಕು.

12 ಜಿಬಿ ಅಷ್ಟೂ ಹಾಕೋದು ಮಾತ್ರ ನಾನೂ ಬೇಡ ಅಂತೀನಿ.

ನೇರಮಾತು:

ಸ್ಕ್ರಿಪ್ಟ್ ಇಡ್ತೀನಿ ಅಂದ್ರಲ್ಲ ಅದರ ಬಗ್ಗೆ ಯಾರೂ ಮಾತಾಡ್ಲಿಲ್ಲ. ಜಿಮೇಲ್ ಇಎಕ್ಸ್‌ಇ, ಬ್ಯಾಚ್ ಫೈಲು, ಜಾರ್ ಥರದ ಪ್ರೋಗ್ರಾಮ್ ಓಡಿಸೋ ಫೈಲನ್ನೆಲ್ಲಾ ಬಿಡಲ್ಲ, 2017ರ ಫೆಬ್ರವರಿಯಿಂದ ಜಾವಾಸ್ಕ್ರಿಪ್ಟ್ ಫೈಲೂ ಬ್ಲಾಕು. ಜಿಪ್ ಮಾಡಿ ಕಳಿಸಿದ್ರೂ ಒಳಗೆ ಇಣುಕಿ ನೋಡ್ತಾರೆ. ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಇನ್ನೊಂದು ಜಿಪ್ ಇದ್ರೆ ಅದಕ್ಕೂ ನೋ. ಅದಕ್ಕಿಂತ ಕಿರಿಕಿರಿ ಏನಂದ್ರೆ ನಿಯಮ ಬದಲಾದ್ರೆ ಮೊದ್ಲೇ ಒಳಗಿರೋ ಫೈಲಿಗೂ ಅನ್ವಯ, ಹಿಂದೆ ಆರಾಮಾಗಿ ಹೋಗಿ ಕೂತಿದ್ದ ಅಟ್ಯಾಚ್‌ಮೆಂಟನ್ನ ಇವತ್ತು ಡೌನ್‌ಲೋಡ್ ಮಾಡೋಕೆ ಹೋದ್ರೆ ವೈರಸ್ ಎಚ್ಚರಿಕೆ ತೋರಿಸಿ ಕೊಡಲ್ಲ ಅನ್ನುತ್ತೆ. ನಿಮ್ಮದೇ ಫೈಲು, ನೀವೇ ಬರೆದಿದ್ದು. ಹಂಗಾದಾಗ ಶೋ ಒರಿಜಿನಲ್ ಅಂತ ಇದ್ಯಲ್ಲ ಅದರಿಂದ ಪೂರ್ತಿ ಮೇಲನ್ನ ಇಎಮ್‌ಎಲ್ ಫೈಲಾಗಿ ಇಳಿಸ್ಕೊಂಡು ಥಂಡರ್‌ಬರ್ಡಲ್ಲಿ ತೆಗೆದ್ರೆ ಅಟ್ಯಾಚ್‌ಮೆಂಟ್ ಕೈಗೆ ಸಿಗುತ್ತೆ. ಸ್ಕ್ರಿಪ್ಟುಗಳನ್ನ ಟಿಎಕ್ಸ್‌ಟಿ ಅಂತ ಹೆಸರು ಬದಲಾಯಿಸಿ ಇಡೋದು ಸುಲಭದ ಉಪಾಯ, ಇಲ್ಲಾ ಮೇಲ್ ಬಾಡಿಲೇ ಪೇಸ್ಟ್ ಮಾಡಿ ಇಡಿ.

ಮತ್ತೆ ಆಫೀಸ್ ಫೈಲ್ ಯಾವ್ದನ್ನೂ ಈ ದಾರಿಲಿ ಹೊರಗೆ ಕಳಿಸ್ಬೇಡಿ. ಡ್ರೈವ್ ಬ್ಲಾಕ್ ಮಾಡಿದವ್ರು ಮೇಲ್ ಬಿಟ್ಟಿದಾರೆ ಅಂದ್ರೆ ನೋಡ್ತಿಲ್ಲ ಅಂತ ಅರ್ಥ ಅಲ್ಲ.

ಖಾಲಿ_ಇನ್‌ಬಾಕ್ಸ್:

ಆಫೀಸಿಂದು ಯಾವ್ದೂ ಇಲ್ಲ ಬ್ರೋ, ಎಲ್ಲಾ ಸ್ವಂತದ್ದೇ. ಸೆಂಟ್ ಫೋಲ್ಡರ್ ವಿಷ್ಯ ಹೇಳಿದ್ದು ಒಳ್ಳೇದಾಯ್ತು, ಈಗ ನೋಡಿದ್ರೆ ಅಲ್ಲೇ 2 ಜಿಬಿ ಹತ್ರ ಇದೆ. ವಿಡಿಯೋ ಮತ್ತೆ ಫೋಟೋ ಬಿಟ್ರೆ ಉಳಿಯೋದು ಹೆಚ್ಚೂಕಮ್ಮಿ 1 ಜಿಬಿನೇ, ಅಷ್ಟೇ ಮೇಲಲ್ಲಿ ಇಡೋಣ ಅನ್ಕೊಂಡಿದೀನಿ. ಸರ್ಟಿಫಿಕೇಟು, ಐಡಿ ಕಾರ್ಡ್ ಸ್ಕ್ಯಾನೆಲ್ಲಾ ಇರೋದ್ರಿಂದ ಸೇಫ್ಟಿ ಬಗ್ಗೆ ಏನ್ ಮಾಡ್ಬೇಕು? ಮತ್ತೆ ಮುಂದೊಂದು ದಿನ ಎಲ್ಲಾ ಒಟ್ಟಿಗೆ ಹೊರಗೆ ತೆಗೀಬೇಕು ಅಂದ್ರೆ ಒಂದೊಂದೇ ಮೇಲ್ ತೆಗೆದು ಡೌನ್‌ಲೋಡ್ ಮಾಡ್ತಾ ಕೂರ್ಬೇಕಾ?

ಬೀಗದಕೈ:

ಸೇಫ್ಟಿ ನನ್ನ ಏರಿಯಾ, ಹೇಳ್ತೀನಿ. ನಿಮ್ಮ ಪ್ಲಾನಲ್ಲಿ ನಂಗೆ ಜಾಸ್ತಿ ಭಯ ಆಗಿದ್ದು ಹ್ಯಾಕರ್ ಅಲ್ಲ, ಒಂದು ಮೇಲೂ ಬರಲ್ಲ ಅಂದ್ರಲ್ಲ ಅದು. ಗೂಗಲ್ 2023ರಲ್ಲಿ ನಿಯಮ ಮಾಡಿದೆ, ಎರಡು ವರ್ಷ ಬಳಸದೇ ಬಿಟ್ಟ ಪರ್ಸನಲ್ ಅಕೌಂಟನ್ನ ಒಳಗಿರೋದೆಲ್ಲಾ ಸೇರಿಸಿ ಅಳಿಸ್ಬೋದು ಅಂತ, ಆ ಡಿಸೆಂಬರಿಂದ ಜಾರಿಗೂ ಬಂತು. ಬಳಸೋದು ಅಂದ್ರೆ ಆ ಅಕೌಂಟಿಗೇ ಲಾಗಿನ್ ಆಗಿ ಮೇಲ್ ಓದೋದೋ ಕಳಿಸೋದೋ ಏನಾದ್ರೂ ಮಾಡೋದು. ನೀವು ಮೇನ್ ಅಕೌಂಟಿಂದ ವಾರಕ್ಕೆ ಹತ್ತು ಮೇಲ್ ಅದಕ್ಕೆ ಕಳಿಸ್ತಾ ಇದ್ರೂ ಅದು ಆ ಅಕೌಂಟಿನ ಚಟುವಟಿಕೆ ಆಗಲ್ಲ, ಬಾಗಿಲಿಗೆ ಕಾಗದ ಬಂದು ಬೀಳ್ತಿದೆ ಅಷ್ಟೇ, ಒಳಗೆ ಯಾರೂ ಇಲ್ಲ. ಅದಕ್ಕೇ ಆಗಾಗ ಒಳಗೆ ಹೋಗಿ ಬನ್ನಿ. ರಿಕವರಿಗೆ ಕೊಟ್ಟಿರೋ ಫೋನ್ ನಂಬರ್ ಈಗಿನದ್ದಾ ಅಂತ ಇವತ್ತೇ ನೋಡಿ, ನಂಬರ್ ಬದಲಾಗಿ ಲಾಗಿನ್ ಆಗೋಕಾಗದೆ ಪರದಾಡೋರು ಬಹಳ ಜನ, ಹೊಸ ಕಂಪ್ಯೂಟರಿಂದ ತೆಗೆಯೋಕೆ ಹೋದಾಗಲೇ ಅದು ಹಳೇ ನಂಬರಿಗೆ ಕೋಡ್ ಕಳಿಸೋದು.

ಎರಡು ಹಂತದ ವೆರಿಫಿಕೇಶನ್ ಆನ್ ಮಾಡಿ, ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದು ಕಾಗದದಲ್ಲಿ ಇಟ್ಕೊಳ್ಳಿ, ಆ ಕೋಡನ್ನ ಅದೇ ಮೇಲಲ್ಲಿ ಸೇವ್ ಮಾಡೋರನ್ನೂ ನೋಡಿದೀನಿ. ಐಡಿ ಸ್ಕ್ಯಾನ್ ಥರದ್ದನ್ನ 7-ಜಿಪ್ಪಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿ, 7ಝಡ್ ಫಾರ್ಮ್ಯಾಟ್ ಆರಿಸಿ, ಎಇಎಸ್-256 ಅನ್ನೋ ಗಟ್ಟಿ ಬೀಗ ಬಳಸುತ್ತೆ ಅದು, ಒಳಗಿನ ಫೈಲ್ ಹೆಸರೂ ಕಾಣದಂಗೆ ಮುಚ್ಚೋ ಆಯ್ಕೆ ಇದೆ. ಏರಿಸಿದ ಮೇಲೆ ಒಂದ್ಸಲ ವಾಪಸ್ ಇಳಿಸಿ ಬಿಚ್ಚಿ ನೋಡಿ. ಹುಡುಕಾಟ ಅವ್ರ ಎರಡು ಸಾಲು ಬರೆಯೋ ಪದ್ಧತಿ ಇಲ್ಲೂ ನಡೆಯುತ್ತೆ, ಆದ್ರೆ ಪಾಸ್‌ವರ್ಡ್ ಆ ಎರಡು ಸಾಲಲ್ಲಿ ಇರ್ಬಾರ್ದು 🙏

ಮೇಲಲ್ಲಿ ಇಟ್ಟಿದ್ದೀನಿ ಅಂತ ಲ್ಯಾಪ್‌ಟಾಪಲ್ಲಿರೋದನ್ನ ಅಳಿಸ್ಬೇಡಿ ಮತ್ತೆ. ಒಂದೇ ಕಡೆ ಇದ್ರೆ ಅದು ಬ್ಯಾಕಪ್ ಅಲ್ಲ, ಅದೇ ಒರಿಜಿನಲ್ಲು.

ಸರ್ವರ್_ಸಂಗಪ್ಪ:

ಹೊರಗೆ ತೆಗೆಯೋದು ಕಷ್ಟ ಇಲ್ಲ. ಗೂಗಲ್ ಟೇಕೌಟ್‌ಗೆ ಹೋಗಿ ಮೇಲ್ ಮಾತ್ರ ಆರಿಸಿ, ಬೇಕಾದ್ರೆ ಆ ಒಂದು ಲೇಬಲ್ ಮಾತ್ರ ಆರಿಸಿ, ಎಂಬಾಕ್ಸ್ ಅಂತ ಒಂದು ದೊಡ್ಡ ಫೈಲಾಗಿ ಕೊಡುತ್ತೆ. ಅದರೊಳಗೆ ಅಟ್ಯಾಚ್‌ಮೆಂಟ್ ಎಲ್ಲಾ ಇನ್ನೂ ಅಕ್ಷರದ ವೇಷದಲ್ಲೇ ಇರ್ತವೆ, ನೋಟ್‌ಪ್ಯಾಡಲ್ಲಿ ತೆಗೆದು ಗಾಬರಿ ಆಗ್ಬೇಡಿ. ಥಂಡರ್‌ಬರ್ಡಿಗೆ ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ ಅಂತ ಆಡಾನ್ ಇದೆ, ಅದರಿಂದ ಎಂಬಾಕ್ಸನ್ನ ಒಳಗೆ ತಗೊಂಡು ಅಟ್ಯಾಚ್‌ಮೆಂಟ್ ಬಿಡಿಸ್ಕೊಳ್ಬೋದು. ಸ್ಕ್ರಿಪ್ಟ್ ಬರೀತೀರಿ ಅಂದ್ರಿ, ಪೈಥಾನ್ ಗೊತ್ತಿದ್ರೆ ಅದರ ಜೊತೆಗೇ ಮೇಲ್‌ಬಾಕ್ಸ್ ಅನ್ನೋ ಮಾಡ್ಯೂಲ್ ಬರುತ್ತೆ, ಇಪ್ಪತ್ತು ಮೂವತ್ತು ಸಾಲಲ್ಲಿ ಪೂರ್ತಿ ಎಂಬಾಕ್ಸ್ ಓದಿ ಫೈಲುಗಳನ್ನ ತಾರೀಖಿನ ಪ್ರಕಾರ ಫೋಲ್ಡರ್ ಮಾಡಿ ಇಡ್ಬೋದು. ಒಂದೇ ಹೆಸರಿನ ಫೈಲ್ ಎರಡು ಮೇಲಲ್ಲಿದ್ರೆ ಒಂದರ ಮೇಲೊಂದು ಬರೆದುಬಿಡುತ್ತೆ, ಹೆಸರಿನ ಮುಂದೆ ತಾರೀಖು ಸೇರಿಸೋದು ಮರೀಬೇಡಿ.

ಹಳೇ_ಮೋಡೆಮ್:

ಇನ್ನೊಂದು ಮಾತು, ಈ ಫ್ರೀ ಜಾಗದ ಲೆಕ್ಕ ಅವ್ರ ಕೈಲಿರೋದು, ನಮ್ಮ ಕೈಲಿಲ್ಲ. ಯಾಹೂದವ್ರು 2013ರಲ್ಲಿ 1 ಟಿಬಿ ಅಂತ ಕೊಟ್ಟು ಆಮೇಲೆ 20 ಜಿಬಿಗೆ ಇಳಿಸಿದ್ರು. ಔಟ್‌ಲುಕ್ ಡಾಟ್ ಕಾಮಲ್ಲಿ ಮೇಲಿಗೆ 15 ಜಿಬಿ ಅಂತ ಇದ್ರೂ 2023ರ ಫೆಬ್ರವರಿಯಿಂದ ಅಟ್ಯಾಚ್‌ಮೆಂಟುಗಳನ್ನ ಒನ್‌ಡ್ರೈವ್ (ಮೈಕ್ರೋಸಾಫ್ಟಿನವ್ರ ಡ್ರೈವ್) ಸೇರಿದ 5 ಜಿಬಿ ಲೆಕ್ಕಕ್ಕೂ ಹಿಡಿಯೋಕೆ ಶುರು ಮಾಡಿದ್ರು, ಅಂದ್ರೆ ಮೇಲನ್ನೇ ಗೋಡೌನ್ ಮಾಡ್ಕೊಂಡವ್ರಿಗೆ ಸರಿಯಾಗಿ ಬಿತ್ತು ಏಟು.

ಖಾಲಿ_ಇನ್‌ಬಾಕ್ಸ್:

ಎಲ್ರಿಗೂ ಥ್ಯಾಂಕ್ಸ್. ಲಾಗಿನ್ ಆಗಿ ನೋಡ್ದೆ, ರಿಕವರಿ ನಂಬರ್ ನಿಜವಾಗ್ಲೂ ಹಳೇದೇ ಇತ್ತು, ಬದಲಾಯಿಸ್ದೆ. ಕೊನೇದಾಗಿ ಒಂದು, ಡ್ರಾಫ್ಟಲ್ಲಿ ಸೇವ್ ಮಾಡಿದ್ದನ್ನ ಅಲ್ಲೇ ಬಿಟ್ರೆ ಏನಾಗುತ್ತೆ, ಬೇರೆ ಫೋಲ್ಡರಿಗೆ ಸರಿಸ್ಲೇಬೇಕಾ?

ಹುಡುಕಾಟ:

ಸರಿಸ್ಲೇಬೇಕು. ಡ್ರಾಫ್ಟ್ ಕ್ಲಿಕ್ ಮಾಡಿದ್ರೆ ಓದೋ ಹಂಗೆ ತೆರೆಯಲ್ಲ, ಬರೆಯೋ ವಿಂಡೋ ಬರುತ್ತೆ, ಕೈತಪ್ಪಿ ಕೆಳಗಿರೋ ಕಸದ ಡಬ್ಬದ ಗುರುತು ಒತ್ತಿಬಿಟ್ರೆ ಮುಗೀತು, ಜಿಮೇಲಲ್ಲಿ ಡಿಸ್ಕಾರ್ಡ್ ಮಾಡಿದ ಡ್ರಾಫ್ಟು ಟ್ರ್ಯಾಶಿಗೂ ಹೋಗಲ್ಲ, ಮಾಮೂಲಿ ಮೇಲಾದ್ರೆ 30 ದಿನ ಟ್ರ್ಯಾಶಲ್ಲಿರುತ್ತೆ. ಬ್ರೌಸರಲ್ಲಿ ಮಾಡೋದಾದ್ರೆ ಡ್ರಾಫ್ಟ್ ಗೋಜೇ ಬೇಡ, ಆ ಅಕೌಂಟಿಗೇ ಲಾಗಿನ್ ಆಗಿ ಪ್ಲಸ್ ಅಡ್ರೆಸ್ಸಿಗೆ ಕಳಿಸ್ಕೊಳ್ಳಿ, ಬೀಗದಕೈ ಅವ್ರು ಹೇಳಿದ ಲಾಗಿನ್ ಕೆಲ್ಸಾನೂ ಅದರಲ್ಲೇ ಆಗೋಗುತ್ತೆ.